ತಕ್ಕಡಿಯ ಬಾಡಿಗೆ ಯಾರು ಕೊಡಬೇಕು?

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ವೂ ಒಂದು. ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು ತೂಕ ಬಳಸುವುದೇ ಈ ದೋಷ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಇದನ್ನು ಕಳವಿನ ಪ್ರಕರಣದಲ್ಲಿಯೇ ಸೇರಿಸಿದ್ದಾರೆ. ವ್ಯಾಪಾರವನ್ನು ನಂಬಿ ಬದುಕಿದ ಶ್ರಾವಕರಾದ ನಮಗೆ ತಕ್ಕಡಿಯ ಧರ್ಮವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಕಣ್ಣೆದುರಿಗೇ ಮಕ್ಕಳನ್ನು ತೂಗುತ್ತಿರುವ ಒಂದು ತಕ್ಕಡಿಯಿದೆ. ಅದರ ಬಾಡಿಗೆಯನ್ನು ತೂಗಿಸಿಕೊಳ್ಳುವ ಮಕ್ಕಳಿಂದಲೇ ವಸೂಲು ಮಾಡಲಾಗುತ್ತಿದೆ. ಪ್ರವೇಶ ಪರೀಕ್ಷೆಯೆಂಬ ಈ ತಕ್ಕಡಿಯ ವಿಷಯದಲ್ಲಿ ನಾವು ಮೌನವಾಗಿದ್ದೇವೆ.

ನಮ್ಮ ಕೃಷಿ ಉತ್ಪನ್ನ ಮಾರುಕಟ್ಟೆಗಳ ನಿಯಮವನ್ನು ನೆನಪಿಸಿಕೊಳ್ಳಿ. ಶೇಂಗಾ, ಮೆಕ್ಕೆಜೋಳ ತಂದ ರೈತನಿಂದ ಮಾರುಕಟ್ಟೆ ಶುಲ್ಕ ವಸೂಲು ಮಾಡುವಂತಿಲ್ಲ. ಅದನ್ನು ಕೊಳ್ಳುವವನೇ ಕಟ್ಟಬೇಕು. ಮಾಲು ಯಾರಿಗೆ ಬೇಕೋ ಅವನೇ ಖರ್ಚು ಹೊರಲಿ ಎಂಬ ನ್ಯಾಯ ಅದರಲ್ಲಿದೆ. ಕಾಲೇಜುಗಳು ಜಾಣ ಮಕ್ಕಳನ್ನು ಆರಿಸಿಕೊಳ್ಳುವಾಗ ಮಾತ್ರ ಈ ನ್ಯಾಯ ತಲೆಕೆಳಗಾಗುತ್ತದೆ.

2025ರ ಲೆಕ್ಕವನ್ನೇ ನೋಡೋಣ. ಸಾಮಾನ್ಯ ವರ್ಗದ ಹುಡುಗನೊಬ್ಬನಿಗೆ ನೀಟ್ ಅರ್ಜಿಗೆ 1,700 ರೂಪಾಯಿ. ಜೆಇಇ ಮೇನ್ ಒಂದು ಸರದಿಗೆ 1,000, ಎರಡು ಸರದಿ ಬರೆದರೆ 2,000. ರಾಜ್ಯದ ಸಿಇಟಿಗೆ 500. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿಗೆ ಮೂರು ವಿಷಯಗಳವರೆಗೆ 1,000. ಒಟ್ಟು 5,200 ರೂಪಾಯಿ. ಜೆಇಇ ಅಡ್ವಾನ್ಸ್‌ಡ್‌ಗೆ ಅರ್ಹನಾದರೆ ಮತ್ತೆ 3,200. ಪರಿಶಿಷ್ಟರಿಗೆ ರಿಯಾಯಿತಿಯಿದೆ, ನಿಜ. ಆದರೂ ನೀಟ್‌ಗೆ ಅವರು ಸಹ 1,000 ರೂಪಾಯಿ ಕಟ್ಟಬೇಕಾಯಿತು. ಅದೇ 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ 5,200 ರೂಪಾಯಿ ಒಬ್ಬ ಕೂಲಿಕಾರನ ಹದಿನಾಲ್ಕು ದಿನಗಳ ದುಡಿಮೆ.

ಇದರ ಮೇಲೆ ಪ್ರಯಾಣದ ಖರ್ಚು. ಹಡಗಲಿಯ ವಿದ್ಯಾರ್ಥಿನಿಗೆ ಬಳ್ಳಾರಿಯಲ್ಲಿ ಕೇಂದ್ರ ದೊರೆತರೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಮಧ್ಯಾಹ್ನ ಒಂದೂವರೆಗೆ ನೀಟ್ ಕೇಂದ್ರದ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ಬಸ್ಸು ತಪ್ಪೀತೆಂಬ ಭಯಕ್ಕೆ ಹಿಂದಿನ ದಿನವೇ ಹೋಗಿ ತಂಗಬೇಕು. ಹೆಣ್ಣುಮಗಳನ್ನು ಒಬ್ಬಳನ್ನೇ ಕಳುಹಿಸಲಾಗದು. ತಂದೆಯೋ ಅಣ್ಣನೋ ಕೂಲಿ ಬಿಟ್ಟು ಜೊತೆಗೆ ಹೋಗಬೇಕು. 371(ಜೆ) ವಿಧಿಯಿಂದ ನಮ್ಮ ಭಾಗದ ಮಕ್ಕಳಿಗೆ ಸೀಟುಗಳಲ್ಲಿ ಮೀಸಲಾತಿ ಬಂದಿದೆ. ಆದರೆ ಪರೀಕ್ಷೆಗೇ ಕೂರಲಾಗದ ಮಗುವಿಗೆ ಆ ಮೀಸಲಾತಿಯಿಂದ ಏನು ಪ್ರಯೋಜನ?

ತರಬೇತಿಯ ಮಾತು ಬೇರೆಯೇ. ಹರಪನಹಳ್ಳಿ, ಕೂಡ್ಲಿಗಿಗಳ ಉಳ್ಳವರ ಮಕ್ಕಳು ಮಂಗಳೂರು, ಮೂಡಬಿದಿರೆಗಳ ವಸತಿ ಕಾಲೇಜುಗಳಿಗೆ ಹೋಗುತ್ತಾರೆ. ಒಂದು ಕಾಲದಲ್ಲಿ ನಾವು ಸಾವಿರ ಕಂಬದ ಬಸದಿಯ ದರ್ಶನಕ್ಕೆ ಹೋಗುತ್ತಿದ್ದ ಊರಿಗೆ ಇಂದು ಲಕ್ಷಗಳ ಲೆಕ್ಕದಲ್ಲಿ ಶುಲ್ಕ ಕಟ್ಟಲು ಹೋಗುತ್ತಿದ್ದೇವೆ. ಖಾಸಗಿ ಕೋಚಿಂಗ್ ಮೇಲೆ ಸರ್ಕಾರ ಶೇಕಡಾ 18ರಷ್ಟು ಜಿಎಸ್‌ಟಿಯನ್ನೂ ವಸೂಲು ಮಾಡುತ್ತದೆ. ಹಗರಿಬೊಮ್ಮನಹಳ್ಳಿಯ ಸರ್ಕಾರಿ ಕಾಲೇಜಿನ ಹುಡುಗಿಯೂ ಆ ವಸತಿ ಕಾಲೇಜಿನ ಹುಡುಗನೂ ಒಂದೇ ಪ್ರಶ್ನೆಪತ್ರಿಕೆಯನ್ನು ಎದುರಿಸುತ್ತಾರೆ. ತಕ್ಕಡಿ ಒಂದೇ ಆದರೂ ಒಂದು ತಟ್ಟೆಯ ಕೆಳಗೆ ಯಾರದೋ ಬೆರಳಿದೆ.

ಪರೀಕ್ಷೆಯೇ ಬೇಡವೆಂದು ನಾನು ವಾದಿಸುತ್ತಿಲ್ಲ. 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಆರಂಭವಾದಾಗ ಕ್ಯಾಪಿಟೇಶನ್ ಹಾವಳಿಯಿಂದ ಬೇಸತ್ತಿದ್ದ ಮಧ್ಯಮವರ್ಗ ನಿಟ್ಟುಸಿರು ಬಿಟ್ಟಿತು. ದುಡ್ಡಿನ ಚೀಲಕ್ಕಿಂತ ಅಂಕದ ಪಟ್ಟಿ ಮೇಲು ಎಂಬ ತತ್ತ್ವ ಗೆದ್ದಿತು. ಆದರೆ ಅಂದು ಮುಂಬಾಗಿಲಿನಿಂದ ಹೊರಹಾಕಿದ ದುಡ್ಡಿನ ಚೀಲವೇ ಇಂದು ಅರ್ಜಿ ಶುಲ್ಕವಾಗಿ, ಕೋಚಿಂಗ್ ಶುಲ್ಕವಾಗಿ ಹಿಂಬಾಗಿಲಿನಿಂದ ಒಳಬಂದಿದೆ.

“ಪರೀಕ್ಷೆ ನಡೆಸಲು ಖರ್ಚಾಗುವುದಿಲ್ಲವೇ?” ಎಂದು ಕೆಲವರು ಕೇಳಬಹುದು. ಆಗುತ್ತದೆ. ಆದರೆ ಜಮಾಖರ್ಚು ಏನು ಹೇಳುತ್ತದೆ? ನೀಟ್, ಜೆಇಇಗಳನ್ನು ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ಆರು ವರ್ಷಗಳಲ್ಲಿ ಸುಮಾರು 3,512 ಕೋಟಿ ರೂಪಾಯಿ ಸಂಗ್ರಹಿಸಿ ಸುಮಾರು 3,064 ಕೋಟಿ ವೆಚ್ಚ ಮಾಡಿತೆಂದು ಸಂಸತ್ತಿನ ಸ್ಥಾಯಿ ಸಮಿತಿಯ 2025ರ ವರದಿಯಲ್ಲಿದೆ. ಉಳಿದದ್ದು 448 ಕೋಟಿ. ವ್ಯಾಪಾರಿಯಾದ ನನಗೆ ಲಾಭವೆಂದರೆ ಅಸಹ್ಯವಿಲ್ಲ. ಆದರೆ ಸರ್ಕಾರಿ ತಕ್ಕಡಿ ಲಾಭ ಗಳಿಸಬಾರದು. 2025ರ ನೀಟ್‌ಗೆ 22 ಲಕ್ಷಕ್ಕೂ ಹೆಚ್ಚು ಮಕ್ಕಳು ನೋಂದಾಯಿಸಿದರು; ದೇಶದ ಎಂಬಿಬಿಎಸ್ ಸೀಟುಗಳೋ ಸುಮಾರು 1.2 ಲಕ್ಷ. ಸೀಟು ದೊರೆಯದ ಲಕ್ಷಾಂತರ ಮಕ್ಕಳ ಹಣದಿಂದ ಈ ವ್ಯವಸ್ಥೆ ನಡೆಯುತ್ತಿದೆ. ಆರಿಸಿಕೊಳ್ಳುವ ಕಾಲೇಜುಗಳು ಸೀಟಿಗೆ ಇಷ್ಟೆಂದು ಈ ವೆಚ್ಚವನ್ನು ಏಕೆ ಭರಿಸಬಾರದು?

ಸರ್ಕಾರವನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಅಂಗಡಿಯ ಹಮಾಲರೊಬ್ಬರು ಸಂಜೆ ಬಂದು ನಿಂತರು. “ಸಾವ್ಕಾರ್ರೆ, ಮಗಳದು ಎರಡು ಅರ್ಜಿ ಅದಾವ್ರಿ. ಒಂದಕ್ಕಾಗುವಷ್ಟೇ ರೊಕ್ಕ ಐತಿ. ಯಾವ್ದು ತುಂಬ್ಸಲಿ, ನೀವೇ ಹೇಳ್ರಿ” ಎಂದರು. ಬಿ.ಕಾಂ. ಓದಿದ ನನ್ನ ಬುದ್ಧಿ ಕೂಡಲೇ ಲೆಕ್ಕ ಹಾಕಿತು. ಶುಲ್ಕ ಕಡಿಮೆಯಿದ್ದ ಸಿಇಟಿಯನ್ನು ಸೂಚಿಸಿದೆ. ಅವರು ಕೈಮುಗಿದು ಹೋದರು. ಇನ್ನೊಂದರ ಹಣವನ್ನು ನಾನೇ ಕೊಡಬಹುದಿತ್ತೆಂಬುದು ಮರುದಿನ ಬೆಳಿಗ್ಗೆ ಬಸದಿಯಲ್ಲಿ ಕುಳಿತಾಗ ಹೊಳೆಯಿತು. ಅಷ್ಟರಲ್ಲಿ ನೀಟ್ ಅರ್ಜಿಯ ಗಡುವು ಮುಗಿದಿತ್ತು. ಆ ಮಗು ವೈದ್ಯೆಯಾಗುತ್ತಿದ್ದಳೋ ಇಲ್ಲವೋ ಯಾರೂ ಹೇಳಲಾರರು. ಆದರೆ ತಕ್ಕಡಿ ಏರುವ ಅವಕಾಶವನ್ನೇ ನನ್ನ ಒಂದು ಮಾತು ತಪ್ಪಿಸಿತು.

ನಮ್ಮ ಟ್ರಸ್ಟುಗಳೂ ಮಾಡುತ್ತಿರುವುದು ಇದನ್ನೇ ಅಲ್ಲವೇ? ಫಲಿತಾಂಶ ಬಂದ ಮೇಲೆ ರ‍್ಯಾಂಕ್ ಪಡೆದವರನ್ನು ಕರೆದು ಶಾಲು ಹೊದಿಸುತ್ತೇವೆ. ಅರ್ಜಿಯನ್ನೇ ತುಂಬಲಾಗದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನದಲ್ಲಿ ಶಾಸ್ತ್ರದಾನದ ಅರ್ಥ ಗ್ರಂಥ ಮುದ್ರಣಕ್ಕೆ ಸೀಮಿತವಾಗಿಬಿಟ್ಟಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓದಿ ರ‍್ಯಾಂಕ್ ತಂದವರಿಗಷ್ಟೇ ಕೊಡುತ್ತೇನೆಂದು ಆಕೆ ಕಾದು ಕುಳಿತಿದ್ದರೆ ನಮಗೆ ಆ ಪರಂಪರೆ ಉಳಿಯುತ್ತಿತ್ತೇ?

ಆದುದರಿಂದ ಈ ಐದೂ ಊರುಗಳ ಬಸದಿ ಸಮಿತಿಗಳ, ಶ್ವೇತಾಂಬರ ಸಂಘಗಳ ಮುಂದೆ ನನ್ನ ವಿನಂತಿ ಇದು. ಪ್ರತಿ ಟ್ರಸ್ಟು ಇಪ್ಪತ್ತು ಮಕ್ಕಳ ಅರ್ಜಿ ಶುಲ್ಕವನ್ನು ಗಡುವಿಗೆ ಮೊದಲೇ ಕಟ್ಟಲಿ. ತಲಾ 5,200ರಂತೆ 1,04,000 ರೂಪಾಯಿ. ಕಲಶದ ಸವಾಲಿನಲ್ಲಿ ಉತ್ಸಾಹದಿಂದ ಕೂಗುವ ನಮಗೆ ಇದು ಭಾರವಾಗದು. ಜಾತಿ ಕೇಳಬಾರದು, ಅಂಕ ಕೇಳಬಾರದು, ಹೆಸರು ಪ್ರಕಟಿಸಬಾರದು. “ಜೈನರ ಹಣ ಜೈನರಿಗೇ” ಎನ್ನುವ ಸದಸ್ಯರಿದ್ದರೆ, ನಮ್ಮ ಮೂಟೆಗಳನ್ನು ಹೊತ್ತವರು ಯಾರೆಂದು ಅವರನ್ನು ಕೇಳಿರಿ. ಜೊತೆಗೆ, ಬಡ ಮಕ್ಕಳಿಗೆ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿ ಆ ವೆಚ್ಚವನ್ನು ಕಾಲೇಜುಗಳಿಂದ ಪಡೆಯಬೇಕೆಂದು ಪ್ರತಿ ಟ್ರಸ್ಟು ನಿರ್ಣಯ ಮಾಡಿ ಸರ್ಕಾರಕ್ಕೆ ಕಳುಹಿಸಲಿ. ದಾನ ಮಾಡಿದೆವೆಂದು ನ್ಯಾಯ ಕೇಳುವುದನ್ನು ಬಿಡಬೇಕಾಗಿಲ್ಲ.

ಜೆಇಇ ಅರ್ಜಿಗಳು ವರ್ಷದ ಕೊನೆಗೇ ಆರಂಭವಾಗುತ್ತವೆ. ದಶಲಕ್ಷಣ ಪರ್ವ ಮುಗಿದ ಮೇಲಿನ ಮೊದಲ ಸಭೆಯಲ್ಲಿಯೇ ಈ ವಿಷಯವನ್ನು ಮಂಡಿಸಿರಿ. ಕೊಟ್ಟ ಹಣವನ್ನು ಸಾಲದ ಪುಟದಲ್ಲಿ ಬರೆಯದೆ ಖರ್ಚಿನ ಪುಟದಲ್ಲಿಯೇ ಬರೆಯಿರಿ.