ಬಾಂದ್ರಾದ ಓಲೆ: ಚುಕ್ಕೆಗಳ ಗಿಟಾರು

ನಮ್ಮ ಹಿಲ್ ರೋಡಿನ ಮೆಹಬೂಬ್ ಸ್ಟುಡಿಯೋವನ್ನು ವಾಚಕರೆಲ್ಲ ಬಲ್ಲರು. ಮೆಹಬೂಬ್ ಖಾನರು 1954ರಲ್ಲಿ ಸ್ಥಾಪಿಸಿದ ಆ ಚಿತ್ರಶಾಲೆಯಲ್ಲಿ 2011ರಲ್ಲಿ ಮಹೀಂದ್ರಾ ಬ್ಲೂಸ್ ಉತ್ಸವ ಮೊದಲಾಯಿತು. ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರ ದುಡಿಮೆ, ದುಃಖಗಳಿಂದ ಹುಟ್ಟಿದ ಹಾಡು. ಕೇಳಿಬಂದ ನಮ್ಮವರು ಕೂಡಿದಾಗಲೆಲ್ಲ ಇಂದಿಗೂ ಅದೇ ಚರ್ಚೆ: ಒಬ್ಬರಿಗೆ ಶಿಲ್ಲಾಂಗಿನ ರೂಡಿ ವಾಲಾಂಗರ ಬೆರಳುಗಳೇ ಮೆಚ್ಚು, ಇನ್ನೊಬ್ಬರಿಗೆ ಚಿಕಾಗೋದ ಬಡ್ಡಿ ಗೈ.

ಹೆಸರಿನಲ್ಲೇ ಬಡ್ಡಿ! ಆದರೆ ಅವರಿಗೆ ತೀರದೆ ಉಳಿದದ್ದು ತಾಯಿಯ ಸಾಲ. ಲೂಯಿಸಿಯಾನಾದ ಹತ್ತಿಯ ಹೊಲದಲ್ಲಿ ಬೆಳೆದ ಅವರು 1957ರಲ್ಲಿ ಚಿಕಾಗೋಗೆ ಹೊರಟಾಗ, ಕಾಯಿಲೆಯ ತಾಯಿಗೆ ಚುಕ್ಕೆ ಚುಕ್ಕೆಯ ಕ್ಯಾಡಿಲಾಕ್ ಕಾರು ತಂದುಕೊಡುವೆನೆಂದು ಸಮಾಧಾನದ ಸುಳ್ಳು ಹೇಳಿದ್ದರು. ಕಾರು ಬರಲಿಲ್ಲ, 1968ರಲ್ಲಿ ತಾಯಿ ತೀರಿಕೊಂಡರು. ಆ ಮಾತಿನ ನೆನಪಿಗೇ ಅವರ ಗಿಟಾರಿನ ಮೇಲೆ ಚುಕ್ಕೆಗಳು ಮೂಡಿದವು.

ಊರು ಬಿಟ್ಟು ಮುಂಬಯಿಯ ರೈಲು ಹತ್ತುವಾಗ ನಮ್ಮಲ್ಲಿ ಎಷ್ಟು ಮಂದಿ ಹೀಗೆ ತಾಯಿಗೆ ಮಾತು ಕೊಟ್ಟಿಲ್ಲ? ಮನೆ ಮಾಡಿದೊಡನೆ ಕರೆಸಿಕೊಳ್ಳುತ್ತೇವೆ ಎಂದಿಲ್ಲ? ಊರಿನಲ್ಲಿ ತಾಯಿ ಇನ್ನೂ ಬಾಗಿಲು ಕಾಯುತ್ತಿದ್ದರೆ ನೀವೇ ಭಾಗ್ಯವಂತರು. ಕ್ಯಾಡಿಲಾಕ್ ಬೇಡ, ಈ ರಜೆಗೆ ಒಂದು ರೈಲು ಟಿಕೇಟು ಸಾಕು.