ನಾಲೆಯ ಫೋಟೊ ಯಾಕಿಲ್ಲ?

ಮಲೆಬೆನ್ನೂರಿನ ಯಾರದೇ ಸ್ಟೇಟಸ್ ನೋಡಿ: ಹರಿಹರೇಶ್ವರ ದೇವಸ್ಥಾನ, ಸೂಳೆಕೆರೆ, ದೇವರಬೆಳಕೆರೆ ಪಿಕಪ್. ಚಂದವೇ, ಬಿಡಿ. ಆದರೆ 1224ರ ಆ ಹೊಯ್ಸಳರ ಗುಡಿಯ ಫೋಟೊ 1866ರಲ್ಲೇ ಲಂಡನ್ನಿನ ಪುಸ್ತಕದಲ್ಲಿ ಬಂದಾಗಿದೆ. ನಮ್ಮ ಸೆಲ್ಫಿಗೆ ಅದು ಕಾದು ಕೂತಿಲ್ಲ.

ನಮಗೆ ಅನ್ನ ಕೊಟ್ಟ ಭದ್ರಾ ನಾಲೆಯ ಫೋಟೊ ಯಾರ ಮೊಬೈಲಿನಲ್ಲಿದೆ? ಮೇಲೆ ನೀರು ಹರಿಯುವಾಗಲೂ ಕೊನೆಭಾಗದ ತೂಬು ಒಣಗಿರುತ್ತೆ. ಕೇಳಿದರೆ ‘ನೀರು ಬಿಟ್ಟಿದ್ದೇವಲ್ಲ’ ಅಂತಾರೆ. ಬರಿಗೈಲಿ ಹೋದವರಿಗೆ ಅಷ್ಟೇ ಉತ್ತರ.

ಗದ್ದೆ ಹಸಿರಾದಾಗ ಮಾತ್ರ ಕ್ಯಾಮೆರಾ ತೆಗೆಯುವ ಚಾಳಿ ಬಿಡೋಣ. ಅದೇ ತೂಬು, ಅದೇ ಜಾಗ, ವಾರಕ್ಕೊಂದು ಫೋಟೊ. ಲೊಕೇಶನ್ ಆನ್ ಇರಲಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಆ ವಿವರ ಅಳಿಸಿಹೋಗುತ್ತೆ. ಮೂಲ ಫೋಟೊ ಡಿಲೀಟ್ ಮಾಡಬೇಡಿ.