ಪಥ್ಯವೂ ಮಗುವಿನ ತಟ್ಟೆಯೂ

ತುಮಕೂರು ಸೀಮೆಯ ಊಟವೆಂದರೆ ರಾಗಿಮುದ್ದೆ, ಸೊಪ್ಪಿನ ಸಾರು, ಕೊನೆಗೆ ಒಂದಿಷ್ಟು ಮಜ್ಜಿಗೆ. ಗುಬ್ಬಿ, ಕುಣಿಗಲ್ಲುಗಳ ಹೊಲಗಳಲ್ಲಿ ಬೆಳೆಯುವ ರಾಗಿಯು ನಗರದ ಉಪ್ಪಾರಹಳ್ಳಿಯ ಮನೆಗಳಿಗೂ ಅಪರಿಚಿತವಲ್ಲ. ಅಂಥ ಒಂದು ಮನೆಯಲ್ಲಿ, ವೈದ್ಯರು ಆಟಿಸಂ ಎಂದು ಕರೆಯುವ ಸ್ವಲೀನತೆಯುಳ್ಳ ಮಗುವೊಂದು ಇದೆಯೆಂದು ಭಾವಿಸಬಹುದು. ಹೆಸರು ಹಿಡಿದು ಕರೆದರೆ ಅದು ತಿರುಗಿ ನೋಡದು, ಮಾತು ತಡವಾಗಿದೆ, ಅನ್ನಕ್ಕೆ ಸಾರು ತಾಗಿದರೆ ತಟ್ಟೆಯನ್ನೇ ತಳ್ಳುತ್ತದೆ. ಬಂದ ನೆಂಟರು ಒಬ್ಬೊಬ್ಬರೂ ಒಂದೊಂದು ಪಥ್ಯವನ್ನು ಹೇಳಿ ಹೋಗುತ್ತಾರೆ. "ಗೋಧಿ ಬಿಡಿಸಿ, ಹಾಲು ಬಿಡಿಸಿ, ಮಗು ಮಾತನಾಡುತ್ತದೆ" ಎಂಬುದು ಅವುಗಳಲ್ಲಿ ಮುಖ್ಯವಾದುದು.

ಗೋಧಿಯಲ್ಲಿ ಗ್ಲುಟೆನ್, ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನುಗಳಿವೆ. ಪೂರ್ಣವಾಗಿ ಜೀರ್ಣವಾಗದ ಇವುಗಳ ತುಣುಕುಗಳು ರಕ್ತವನ್ನು ಸೇರಿ ಮಿದುಳಿನ ಮೇಲೆ ಅಫೀಮಿನಂತೆ ವರ್ತಿಸುತ್ತವೆಯೆಂದು ಕೆಲವು ವಿಜ್ಞಾನಿಗಳು ಊಹಿಸಿದರು. ಆಹಾರದಿಂದ ಮಿದುಳನ್ನು ಕಾಪಾಡಿದ ನಿದರ್ಶನ ಇಲ್ಲದಿಲ್ಲ. ನಾರ್ವೆಯ ಫಾಲಿಂಗ್ 1934ರಲ್ಲಿ ಗುರುತಿಸಿದ ಫೀನೈಲ್‌ಕೀಟೋನೂರಿಯವೆಂಬ ಹುಟ್ಟುರೋಗಕ್ಕೆ ಪಥ್ಯವೇ ಮುಖ್ಯ ಚಿಕಿತ್ಸೆಯಾಯಿತು. ಆದರೆ ಅಲ್ಲಿ ದೋಷವು ಯಾವುದೆಂದು ತಿಳಿದಿದೆ. ಅದನ್ನು ರಕ್ತದಲ್ಲಿ ಅಳೆಯಬಹುದು. 1943ರಲ್ಲಿ ಲಿಯೋ ಕ್ಯಾನರ್ ವರ್ಣಿಸಿದ ಸ್ವಲೀನತೆಗೆ ಅಂಥ ಒಂದೇ ದೋಷವಿಲ್ಲ. ಯಾವ ಮಗುವಿಗೆ ಯಾವ ಆಹಾರ ಕೊಡಲಾಗಿದೆಯೆಂಬುದು ತಂದೆತಾಯಿಗಳಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಗಳಲ್ಲಿ ಈ ಪಥ್ಯದಿಂದ ಸ್ಥಿರವಾದ ಪ್ರಯೋಜನವು ಕಂಡುಬಂದಿಲ್ಲ. ಮಗು ಬೆಳೆದಂತೆ ತಾನಾಗಿಯೇ ಒಂದೆರಡು ಮಾತು ಕಲಿತರೆ ಕೀರ್ತಿಯೆಲ್ಲ ಪಥ್ಯಕ್ಕೆ ಸಲ್ಲುತ್ತದೆ. ಹಗಲಿರುಳು ಹಂಬಲಿಸುವ ತಾಯಿಯನ್ನು ಅದಕ್ಕಾಗಿ ದೂಷಿಸುವುದು ನ್ಯಾಯವಲ್ಲ.

ಈ ಸೀಮೆಯಲ್ಲಿ ಗೋಧಿಯನ್ನು ಬಿಡುವುದು ಕಷ್ಟವಲ್ಲ. ರಾಗಿಯಲ್ಲಾಗಲಿ ಅಕ್ಕಿಯಲ್ಲಾಗಲಿ ಗ್ಲುಟೆನ್ ಇಲ್ಲ. ಮನೆಯಲ್ಲಿ ರಾಗಿಯ ಮೂಟೆಯಿರುವಾಗ ಅಂಗಡಿಯಿಂದ ದುಬಾರಿ ಹಿಟ್ಟಿನ ಪೊಟ್ಟಣ ತರುವುದು ವಿಚಿತ್ರವೇ ಸರಿ. ಹಾಲಿನ ಮಾತು ಬೇರೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆ, ನಿಜ. ಆದರೆ ಮುದ್ದೆಯನ್ನು ಮುಟ್ಟದ ಮಗುವಿಗೆ ಅದರಿಂದೇನು ಫಲ? ಸ್ವಲೀನತೆಯುಳ್ಳ ಅನೇಕ ಮಕ್ಕಳು ನಾಲ್ಕೈದು ಪದಾರ್ಥಗಳನ್ನು ಮಾತ್ರ ತಿನ್ನುತ್ತಾರೆ. ಹಾಲು, ಬಿಸ್ಕತ್ತು ಇವೆರಡೇ ಒಪ್ಪಿಗೆಯಾದ ಮಗುವಿನಿಂದ ಅವನ್ನೂ ಕಸಿದರೆ ಉಳಿಯುವುದು ಹಸಿವು. ಹಣ್ಣುತರಕಾರಿಗಳನ್ನು ಸಂಪೂರ್ಣವಾಗಿ ನಿರಾಕರಿಸಿ, ಹಳೆಯ ಕಾಲದ ನಾವಿಕರಂತೆ ಸ್ಕರ್ವಿ ರೋಗಕ್ಕೆ ತುತ್ತಾದ ಇಂಥ ಮಕ್ಕಳನ್ನು ವೈದ್ಯರು ಕಂಡಿದ್ದಾರೆ.

ಗೋಧಿಯಾಗಲಿ ಹಾಲಾಗಲಿ ನಿಜವಾಗಿಯೂ ಒಗ್ಗದ ಮಕ್ಕಳೂ ಉಂಟು. ಅವರಿಗೆ ಪಥ್ಯವು ಅವಶ್ಯಕ. ಆದರೆ ಗೋಧಿಯಿಂದ ಬರುವ ಸೀಲಿಯಾಕ್ ರೋಗದ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟ ಮೇಲೆ ರೋಗವಿದ್ದರೂ ಅದು ಪರೀಕ್ಷೆಯಲ್ಲಿ ಕಾಣಿಸದಿರಬಹುದು. ಮಲಬದ್ಧತೆ, ಹೊಟ್ಟೆನೋವುಗಳೂ ಈ ಮಕ್ಕಳಲ್ಲಿ ಹೆಚ್ಚು. ನೋವನ್ನು ಹೇಳಲಾರದ ಮಗು ಕಿರುಚಿದರೆ ಅದನ್ನು ಹಟವೆಂದು ತಿಳಿಯದೆ ಹೊಟ್ಟೆಯನ್ನು ಪರೀಕ್ಷಿಸಿಸುವುದು ಯುಕ್ತ.

ಪಥ್ಯದ ಬೆನ್ನು ಹತ್ತಿ ಕಳೆಯುವ ವರ್ಷಗಳೇ ಮಗು ಮಾತು ಕಲಿಯಬೇಕಾದ ವರ್ಷಗಳು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ತುಮಕೂರಿಗೆ ಬಹು ದೂರವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನೂ ಒಳಗೊಂಡಿದೆ. ಮನೆಯ ಊಟದಲ್ಲಿಯಾದರೋ ಅವಸರ ಸಲ್ಲದು. ಮಗು ಒಪ್ಪಿದ ಅನ್ನದ ಪಕ್ಕದಲ್ಲಿ, ಅದಕ್ಕೆ ತಾಗದಂತೆ, ನೆಲ್ಲಿಕಾಯಿ ಗಾತ್ರದ ಮುದ್ದೆಯನ್ನಿಟ್ಟು ಬಲವಂತ ಮಾಡದೆ ಬಿಡಬೇಕು. ಮೊದಲ ವಾರ ಅದನ್ನು ಬರಿದೆ ನೋಡಬಹುದು. ಮುಂದೊಂದು ದಿನ ಬೆರಳಿನಿಂದ ಒತ್ತಿ ನೋಡಬಹುದು.